ಹೈದರಾಬಾದಿನ ಕನ್ನಡ ಪುಸ್ತಕಗಳೂ ಗ್ರಂಥಪಾಲರ ಹೊಸ ಉಪಕರಣಗಳೂ

೧

ಪುಸ್ತಕಗಳ ರಾಶಿಗೂ ಗ್ರಂಥಾಲಯಕ್ಕೂ ಇರುವ ಅಂತರವೆಂದರೆ ಸೂಚಿಯೊಂದೇ. ಬೇಕಾದ ಗ್ರಂಥ ಎಲ್ಲಿದೆಯೆಂದು ತಿಳಿಸುವ ಸೂಚಿಯಿಲ್ಲದಿದ್ದಲ್ಲಿ ಲಕ್ಷ ಪುಸ್ತಕಗಳ ಸಂಗ್ರಹವೂ ಉಗ್ರಾಣಕ್ಕೆ ಸಮಾನವೇ ಸರಿ. ನಮ್ಮ ದೇಶದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ಅಡಿಗಲ್ಲನ್ನಿಟ್ಟ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಓದುಗನ ಕಾಲವನ್ನು ಉಳಿಸುವುದನ್ನೂ ಒಂದು ಸೂತ್ರವಾಗಿ ಸೇರಿಸಿದುದು ಈ ಕಾರಣದಿಂದಲೇ. ಅವರೇ ೧೯೬೨ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರದಿಂದ ಹೊರಬಂದ ಗ್ರಂಥಪಾಲರು ಮುಂದೆ ಗಣಕಯಂತ್ರವನ್ನು ಗ್ರಂಥಾಲಯದೊಳಕ್ಕೆ ತರುವುದರಲ್ಲಿ ಮುಂದಾದರು.

ಈಗ ಮೂರಂಗುಲ ಅಗಲ ಐದಂಗುಲ ಉದ್ದದ ಸೂಚಿಪತ್ರಗಳೂ ಅವನ್ನಿಡುವ ಮರದ ಸೆಳೆಖಾನೆಗಳೂ ಬಹುಮಟ್ಟಿಗೆ ಮರೆಯಾಗಿವೆ. ಸೂಚಿಯು ಅಂತರ್ಜಾಲವನ್ನು ಸೇರಿದೆ. ೨೦೨೦ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ನಿಮಿತ್ತ ಗ್ರಂಥಾಲಯಗಳ ಬಾಗಿಲುಗಳು ಮುಚ್ಚಿದಾಗ, ಓದುಗರನ್ನು ಮನೆಯಲ್ಲಿಯೇ ತಲಪಬಲ್ಲ ಉಪಕರಣಗಳನ್ನು ಕಲಿಯುವುದು ಗ್ರಂಥಪಾಲರಿಗೆ ಅನಿವಾರ್ಯವೂ ಆಯಿತು. ಇದನ್ನು ಕಂಡ ಅನೇಕರು, ಹುಡುಕುವ ಕೆಲಸವನ್ನು ಯಂತ್ರವೇ ಮಾಡುವುದರಿಂದ ಗ್ರಂಥಪಾಲರ ಅಗತ್ಯ ಕಡಮೆಯಾಯಿತೆಂದು ಭಾವಿಸಿದ್ದಾರೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ, ಹೊಸ ಉಪಕರಣಗಳನ್ನು ಕಲಿಯುವುದೆಂದರೆ ವಾಸ್ತವವಾಗಿ ಏನನ್ನು ಕಲಿಯುವುದು, ಎಂಬುದನ್ನು ಹೈದರಾಬಾದಿನಲ್ಲಿರುವ ಕನ್ನಡ ಪುಸ್ತಕಗಳ ನಿದರ್ಶನದಿಂದ ಇಲ್ಲಿ ವಿವರಿಸಲಾಗುವುದು. ಹೊರನಾಡಿನಲ್ಲಿರುವ ಕನ್ನಡಿಗರಿಗೆ ಇದು ಕೇವಲ ತಾಂತ್ರಿಕ ವಿಷಯವಲ್ಲವೆಂಬುದು ವಿವೇಚನೆಯಿಂದ ತಾನಾಗಿ ತಿಳಿದುಬರುತ್ತದೆ.

೨

ಹೈದರಾಬಾದಿನಲ್ಲಿ ಕನ್ನಡ ಗ್ರಂಥಗಳು ಹೇಗೆ ಬಂದು ಸೇರಿದುವೆಂಬುದನ್ನು ಮೊದಲು ನೆನೆಯಬೇಕು. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಹೈದರಾಬಾದಿನ ಆಡಳಿತಕ್ಕೆ ಒಳಪಟ್ಟಿದ್ದುವು. ಆ ಭಾಗದ ಕನ್ನಡ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕೆ ಬರುತ್ತಿದ್ದುದು ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ. ಅಲ್ಲಿ ಮೊದಲ ಮೂರು ದಶಕಗಳ ಕಾಲ ಬೋಧನೆ ಉರ್ದುವಿನಲ್ಲಿ ನಡೆಯಿತಾದರೂ ಕನ್ನಡವು ಒಂದು ಭಾಷೆಯಾಗಿ ಪಾಠದಲ್ಲಿತ್ತು. ಪಾಠವಿದ್ದ ಕಡೆ ಪುಸ್ತಕಗಳೂ ಇರಲೇಬೇಕು. ಹೀಗೆ ಧಾರವಾಡ, ಮೈಸೂರು, ಬೆಂಗಳೂರು, ಮಂಗಳೂರುಗಳಲ್ಲಿ ಅಚ್ಚಾದ ಕಾವ್ಯ, ಕಾದಂಬರಿ, ನಾಟಕ, ವ್ಯಾಕರಣಗಳು ಉಸ್ಮಾನಿಯಾದ ಗ್ರಂಥಾಲಯಕ್ಕೆ ಬಂದುವು. ಮೂಸಿ ನದಿಯ ದಂಡೆಯ ಅಫ್ಜಲ್‌ಗಂಜಿನಲ್ಲಿ, ೧೮೯೧ರಲ್ಲಿ ಆರಂಭವಾದ ಆಸಫಿಯಾ ಗ್ರಂಥಾಲಯವು ಬಹುಭಾಷೆಗಳ ಸಂಗ್ರಹವಾಗಿ ಬೆಳೆದು, ೧೯೫೫ರ ಹೈದರಾಬಾದ್ ಸಾರ್ವಜನಿಕ ಗ್ರಂಥಾಲಯ ಶಾಸನದ ತರುವಾಯ ರಾಜ್ಯದ ಕೇಂದ್ರ ಗ್ರಂಥಾಲಯವೆನಿಸಿತು. ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರದಂತಹ ಕನ್ನಡ ಸಂಸ್ಥೆಗಳೂ, ಮನೆಮನೆಗಳ ಕಪಾಟುಗಳೂ ಈ ಲೆಕ್ಕಕ್ಕೆ ಸೇರತಕ್ಕವೇ.

ಈ ಪುಸ್ತಕಗಳ ಸ್ಥಿತಿಯಲ್ಲಿ ಒಂದು ವಿಶೇಷವುಂಟು. ೧೯೫೬ರ ನಂತರ ಅವುಗಳ ಸಹಜ ಓದುಗರಲ್ಲಿ ಹೆಚ್ಚಿನವರು ಬೇರೊಂದು ರಾಜ್ಯದವರಾದರು. ಪುಸ್ತಕಗಳು ಮಾತ್ರ ಇದ್ದಲ್ಲಿಯೇ ಉಳಿದುವು. ಗ್ರಂಥವೊಂದು ಕಡೆ, ಅದನ್ನು ಓದಬಲ್ಲವರು ಮತ್ತೊಂದು ಕಡೆ ಎಂಬ ಈ ಅಗಲಿಕೆಯನ್ನು ತುಂಬುವುದಕ್ಕೆ ಅಂತರ್ಜಾಲಕ್ಕಿಂತ ಯೋಗ್ಯವಾದ ಸಾಧನವು ಹಿಂದೆ ಇರಲಿಲ್ಲ.

೩

ಆ ಸಾಧನವು ಒದಗಿದುದೂ ಹೈದರಾಬಾದಿನ ಸಂಬಂಧದಿಂದಲೇ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿದ್ದ, ೧೯೯೪ರಲ್ಲಿ ಟ್ಯೂರಿಂಗ್ ಪ್ರಶಸ್ತಿಯನ್ನು ಪಡೆದ ರಾಜ್ ರೆಡ್ಡಿಯವರೇ ಮೊದಲಾದವರು ಹತ್ತು ಲಕ್ಷ ಪುಸ್ತಕಗಳ ಛಾಯೆಯನ್ನು ತೆಗೆದು ಜಗತ್ತಿಗೆ ಉಚಿತವಾಗಿ ಒದಗಿಸುವ ಯೋಜನೆಯೊಂದನ್ನು ಈ ಶತಮಾನದ ಆರಂಭದಲ್ಲಿ ಕೈಗೊಂಡರು. ಭಾರತದಲ್ಲಿ ಇದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ, ೧೯೯೮ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ಮುಖ್ಯ ಕೇಂದ್ರಗಳಾದುವು. ಭಾರತದ ಭಾಗಕ್ಕೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂದು ಹೆಸರಾಯಿತು. ೨೦೦೭ರ ನವೆಂಬರಿನ ವೇಳೆಗೆ ಒಟ್ಟು ಯೋಜನೆಯಲ್ಲಿ ಹದಿನೈದು ಲಕ್ಷಕ್ಕೆ ಮೇಲ್ಪಟ್ಟ ಪುಸ್ತಕಗಳು ಸೇರಿದುವೆಂದು ಪ್ರಕಟವಾಯಿತು. ಮುಂದೆ ಹಕ್ಕುಸ್ವಾಮ್ಯದ ತಕರಾರುಗಳೆದ್ದು ಭಾರತದ ಮೂಲ ತಾಣವು ಮುಚ್ಚಿತಾದರೂ, ಅದರ ಬಹುಭಾಗವು ಇಂಟರ್‌ನೆಟ್ ಆರ್ಕೈವ್ ಎಂಬ ಅಮೆರಿಕದ ತಾಣದಲ್ಲಿ ಉಳಿದುಕೊಂಡಿದೆ.

ಆ ತಾಣದಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ತೆರೆದವರಿಗೆ ಒಂದು ಪುಟವು ಚಿರಪರಿಚಿತವಾಗಿರುತ್ತದೆ. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಗ್ರಂಥಾಲಯದ ಹೆಸರು, ವರ್ಗಸಂಖ್ಯೆ, ದಾಖಲೆಯ ಸಂಖ್ಯೆ, ಗ್ರಂಥಕರ್ತನ ಹೆಸರು, ಇಂಥ ದಿನಾಂಕದೊಳಗೆ ಹಿಂದಿರುಗಿಸಬೇಕೆಂಬ ಇಂಗ್ಲಿಷ್ ಸೂಚನೆ: ಇವೆಲ್ಲ ಇರುವ ಚೀಟಿಯದು. ಲಂಡನ್ನಿನಲ್ಲಿಯೋ ಶಿಕಾಗೋದಲ್ಲಿಯೋ ಕುಳಿತ ಕನ್ನಡಿಗನೊಬ್ಬನು ಹಳೆಯ ನಾಟಕವೊಂದನ್ನು ತೆರೆದಾಗ ಮೊದಲು ಕಾಣುವುದು ಹೈದರಾಬಾದಿನ ಈ ಚೀಟಿ. ನವೋದಯ ಕಾಲದ ಎಷ್ಟೋ ಪುಸ್ತಕಗಳು ಲೋಕಕ್ಕೆ ದೊರೆತುದು ತೆಲುಗು ನಾಡಿನ ಈ ಕಪಾಟುಗಳಿಂದ ಎಂಬುದನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕು.

ಆದರೆ ತೆರೆಯುವುದಕ್ಕೆ ಮೊದಲು ಪುಸ್ತಕವು ಸಿಗಬೇಕಷ್ಟೆ! ತೊಡಕಿರುವುದು ಇಲ್ಲಿಯೇ. ಎಷ್ಟೋ ಕನ್ನಡ ಪುಸ್ತಕಗಳ ಹೆಸರು ಅಲ್ಲಿ ರೋಮನ್ ಅಕ್ಷರಗಳಲ್ಲಿ ಮಾತ್ರ ದಾಖಲಾಗಿದೆ; ಅದೂ ಒಂದೇ ಕ್ರಮದಲ್ಲಿಲ್ಲ. ದೀರ್ಘಕ್ಕೆ ಒಂದು ಕಡೆ ಎರಡು ‘ಎ’ ಇದ್ದರೆ ಇನ್ನೊಂದು ಕಡೆ ಒಂದೇ ‘ಎ’. ಳಕಾರ ಲಕಾರಗಳಿಗೆ ಭೇದವಿಲ್ಲ. ಕಲ, ಕಾಲ, ಕಳ, ಕಾಳ, ಕಲಾ ಎಂಬ ಐದು ಮಾತುಗಳನ್ನೂ ಕೆ-ಎ-ಎಲ್-ಎ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದರೆ ಯಾವುದು ಯಾವುದೆಂದು ಊಹಿಸುವುದು ಯಂತ್ರಕ್ಕಿರಲಿ, ಮನುಷ್ಯನಿಗೂ ಅಸಾಧ್ಯ. ಕನ್ನಡದ ಲಿಪಿಯಲ್ಲಿ ಹುಡುಕಿದವನಿಗೆ ಆ ಪುಸ್ತಕ ಇಲ್ಲವೆಂದೇ ಉತ್ತರ ಬರುತ್ತದೆ.

ಹಳೆಯ ಗ್ರಂಥಾಲಯದಲ್ಲಿ ಸೂಚಿ ತಪ್ಪಿದರೂ ಒಂದು ಆಸರೆಯಿತ್ತು. ಓದುಗನು ಕಪಾಟಿನ ಮುಂದೆ ನಿಂತು ಬೆನ್ನುಗಳ ಮೇಲೆ ಕಣ್ಣಾಡಿಸುವಾಗ ತಾನು ಅರಸದ ಗ್ರಂಥವೂ ಕೈಗೆ ತಗಲುತ್ತಿತ್ತು. ಹೊಸ ಭಂಡಾರದಲ್ಲಿ ಅಂತಹ ನಡೆದಾಟಕ್ಕೆ ಎಡೆ ಬಹಳ ಕಡಮೆ. ಹೆಸರು ಹಿಡಿದು ಕರೆದರೆ ಮಾತ್ರ ಪುಸ್ತಕ ಬರುತ್ತದೆ. ಆದಕಾರಣ ಅಲ್ಲಿ ಹೆಸರು ತಪ್ಪಿದ ಪುಸ್ತಕವು ಬೀಗ ಹಾಕಿದ ಕಪಾಟಿನಲ್ಲಿರುವ ಪುಸ್ತಕಕ್ಕಿಂತಲೂ ಹೆಚ್ಚಾಗಿ ಕಳೆದುಹೋದಂತೆಯೇ.

೪

ಇನ್ನು ಗ್ರಂಥಪಾಲರು ಕಲಿಯಬೇಕಾದ ಉಪಕರಣಗಳಾವುವೆಂಬುದನ್ನು ನೋಡೋಣ. ಅವನ್ನು ಮುಖ್ಯವಾಗಿ ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಲಿಪಿಸಂಕೇತ. ಗಣಕಯಂತ್ರವು ಅಕ್ಷರವನ್ನು ಅರಿಯದು, ಸಂಖ್ಯೆಯನ್ನು ಅರಿಯುತ್ತದೆ. ಹಿಂದೆ ಪ್ರಚಾರದಲ್ಲಿದ್ದ ಹಲವು ಕನ್ನಡ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ತೊಡಿಸಿದ್ದುವು. ಆ ಶೈಲಿಯಿಲ್ಲದ ಯಂತ್ರದಲ್ಲಿ ಅದೇ ಬರವಣಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಮೊದಲಿನಿಂದಲೇ ಕನ್ನಡಕ್ಕೆ ತನ್ನದೇ ಆದ ಸ್ಥಾನ ದೊರೆತಿದೆ. ಗ್ರಂಥಪಾಲರು ತಮ್ಮ ಹಳೆಯ ಪಟ್ಟಿಗಳನ್ನೆಲ್ಲ ಇದಕ್ಕೆ ಪರಿವರ್ತಿಸಿಕೊಳ್ಳಬೇಕು. ಇಲ್ಲಿಯೂ ಕಣ್ಣಿಗೆ ಕಾಣದ ತಪ್ಪುಗಳುಂಟು. ‘ಹಂಪೆ’ ಎಂಬಲ್ಲಿ ಅನುಸ್ವಾರದ ಸೊನ್ನೆಗೆ ಬದಲು ಅಂಕಿಯ ಸೊನ್ನೆಯನ್ನು ಒತ್ತಿದರೆ ಓದುವ ಕಣ್ಣಿಗೆ ಭೇದವೇ ತೋರದು. ಯಂತ್ರಕ್ಕೆ ಮಾತ್ರ ಅದು ಹಂಪೆಯಾಗಿ ಉಳಿಯುವುದಿಲ್ಲ, ಹುಡುಕಿದಾಗ ದೊರೆಯುವುದೂ ಇಲ್ಲ.

ಹೈದರಾಬಾದಿನ ಗ್ರಂಥಪಾಲರಲ್ಲಿ ಹೆಚ್ಚಿನವರ ಮನೆಮಾತು ತೆಲುಗು ಇಲ್ಲವೆ ಉರ್ದು. ಕನ್ನಡ ಲಿಪಿಯ ಪರಿಚಯವಿಲ್ಲದವರು ಕನ್ನಡ ಸೂಚಿಯನ್ನು ಮಾಡುವುದು ಹೇಗೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ತೆಲುಗು ಬಲ್ಲವರಿಗೆ ಇಲ್ಲಿ ಒಂದು ಅನುಕೂಲವಿದೆ. ಎರಡು ಲಿಪಿಗಳೂ ಒಂದೇ ಮೂಲದವು. ಯೂನಿಕೋಡಿನಲ್ಲಿಯೂ ಅಕ್ಕಪಕ್ಕದ ಮನೆಗಳಲ್ಲಿವೆ. ತೆಲುಗಿನ ಕಕಾರದ ಸಂಖ್ಯೆ ೩೦೯೩, ಕನ್ನಡದ ಕಕಾರದ ಸಂಖ್ಯೆ ೩೨೨೧, ಅಂತರ ೧೨೮. ವರ್ಣಮಾಲೆಯ ಉಳಿದ ಸಾಮಾನ್ಯ ಅಕ್ಷರಗಳಿಗೂ ಇದೇ ಅಂತರ. ಆದುದರಿಂದ ತೆಲುಗು ಕೀಲಿಮಣೆಯಲ್ಲಿ ಬರೆದ ಕನ್ನಡ ಹೆಸರನ್ನು ಯಂತ್ರವು ಕ್ಷಣಮಾತ್ರದಲ್ಲಿ ಕನ್ನಡ ಲಿಪಿಗೆ ತಿರುಗಿಸಬಲ್ಲುದು. ಹಳಗನ್ನಡದ ೞಕಾರವು ಈ ಲೆಕ್ಕಕ್ಕೆ ಒಗ್ಗದೆ ಬೇರೆ ಸ್ಥಾನದಲ್ಲಿದೆಯೆಂಬುದನ್ನು ಮಾತ್ರ ಪ್ರಾಚೀನ ಕಾವ್ಯಗಳ ಹೆಸರನ್ನು ದಾಖಲಿಸುವವರು ನೆನಪಿಡತಕ್ಕದ್ದು.

ಎರಡನೆಯದು ಸೂಚಿಯ ಚೌಕಟ್ಟು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಹೆನ್ರಿಯೆಟ್ ಅವ್ರಾಮ್ ಎಂಬ ವಿದುಷಿ ೧೯೬೦ರ ದಶಕದಲ್ಲಿ ರೂಪಿಸಿದ ‘ಮಾರ್ಕ್’ ಎಂಬ ವ್ಯವಸ್ಥೆಯು ಸೂಚಿಪತ್ರದ ಪ್ರತಿಯೊಂದು ವಿವರಕ್ಕೂ ಒಂದೊಂದು ಸಂಖ್ಯೆಯ ಮನೆಯನ್ನು ಗೊತ್ತುಮಾಡುತ್ತದೆ: ಕರ್ತೃವಿಗೆ ೧೦೦, ಗ್ರಂಥದ ಹೆಸರಿಗೆ ೨೪೫, ಬೇರೊಂದು ಲಿಪಿಯ ರೂಪಕ್ಕೆ ೮೮೦. ಕನ್ನಡ ಪುಸ್ತಕಕ್ಕೆ ಈ ೮೮೦ರ ಮನೆ ಬಹು ಮುಖ್ಯವಾದುದು. ರೋಮನ್ ರೂಪವನ್ನು ೨೪೫ರಲ್ಲಿಯೂ ಕನ್ನಡ ರೂಪವನ್ನು ೮೮೦ರಲ್ಲಿಯೂ ಇಟ್ಟರೆ ಕನ್ನಡ ಬಲ್ಲವನೂ ಅರಿಯದವನೂ ಒಂದೇ ಪುಸ್ತಕವನ್ನು ತಲಪುತ್ತಾರೆ. ರೋಮನ್ ರೂಪಕ್ಕೆ ೨೦೦೧ರ ಐ. ಎಸ್. ಓ. ೧೫೯೧೯ ಎಂಬ ಅಂತರರಾಷ್ಟ್ರೀಯ ನಿಯಮವಿದೆ. ದೀರ್ಘಕ್ಕೆ ಮೇಲೆ ಗೆರೆ, ಮೂರ್ಧನ್ಯಕ್ಕೆ ಕೆಳಗೆ ಚುಕ್ಕೆ. ಇದನ್ನು ಪಾಲಿಸಿದರೆ ಮೇಲೆ ಹೇಳಿದ ಕಲ–ಕಾಳಗಳ ಗೊಂದಲ ನಿಲ್ಲುತ್ತದೆ.

ಮೂರನೆಯದು, ಈ ಚೌಕಟ್ಟನ್ನು ನಡೆಸುವ ತಂತ್ರಾಂಶ. ೧೯೯೯ರಲ್ಲಿ ನ್ಯೂಜಿಲೆಂಡಿನ ಗ್ರಂಥಾಲಯವೊಂದಕ್ಕಾಗಿ ರಚಿತವಾದ ‘ಕೋಹ’ ಎಂಬುದು ಇವುಗಳಲ್ಲಿ ಹೆಸರಾದುದು. ಮಾವೊರಿ ಭಾಷೆಯಲ್ಲಿ ಈ ಮಾತಿಗೆ ಕೊಡುಗೆಯೆಂದು ಅರ್ಥ; ಹೆಸರಿಗೆ ತಕ್ಕಂತೆ ಅದಕ್ಕೆ ಬೆಲೆಯಿಲ್ಲ. ಯೂನಿಕೋಡನ್ನು ಒಪ್ಪುವುದರಿಂದ ಕನ್ನಡದಲ್ಲಿ ನೇರವಾಗಿ ಬರೆಯಬಹುದು. ಬೇರೆ ಗ್ರಂಥಾಲಯದ ಸೂಚಿಯನ್ನು ದೂರದಿಂದಲೇ ಶೋಧಿಸಿ, ಸಿದ್ಧವಿರುವ ದಾಖಲೆಯನ್ನು ನಕಲು ಮಾಡಿಕೊಳ್ಳುವ ಸೌಕರ್ಯವೂ ಇದರಲ್ಲಿದೆ. ಲೈಬ್ರರಿ ಆಫ್ ಕಾಂಗ್ರೆಸ್ಸು ೧೯೬೨ರಲ್ಲಿ ದೆಹಲಿಯಲ್ಲಿ ಶಾಖೆಯನ್ನು ತೆರೆದು ಭಾರತೀಯ ಭಾಷೆಗಳ ಪ್ರಕಟಣೆಗಳನ್ನು ಸಂಗ್ರಹಿಸುತ್ತ ಬಂದಿರುವುದರಿಂದ, ಅಲ್ಲಿಂದೀಚಿನ ಎಷ್ಟೋ ಕನ್ನಡ ಪುಸ್ತಕಗಳ ದಾಖಲೆ ವಾಷಿಂಗ್ಟನ್ನಿನಿಂದಲೇ ದೊರೆಯುತ್ತದೆ. ಅದಕ್ಕೆ ಕನ್ನಡ ರೂಪವನ್ನು ಸೇರಿಸಿದರೆ ಕೆಲಸ ಮುಗಿಯಿತು. ಅದಕ್ಕೂ ಹಿಂದಿನ ಪುಸ್ತಕಗಳಿಗೆ, ಎಂದರೆ ಹೈದರಾಬಾದಿನ ಸಂಗ್ರಹದ ಸಾರಭಾಗಕ್ಕೆ, ಮುಖಪುಟವನ್ನು ಓದಿ ಹೊಸದಾಗಿಯೇ ಬರೆಯಬೇಕಾಗುವುದು ಹೆಚ್ಚು.

ನಾಲ್ಕನೆಯದು ಅಕ್ಷರಗ್ರಹಣ. ಛಾಯೆ ತೆಗೆದ ಪುಟವು ಯಂತ್ರದ ಪಾಲಿಗೆ ಕೇವಲ ಚಿತ್ರ. ಅದರಿಂದ ಅಕ್ಷರಗಳನ್ನು ಗುರುತಿಸಿ ಪಠ್ಯವನ್ನು ಬೇರ್ಪಡಿಸುವ ತಂತ್ರಗಳು ಈಗ ಕನ್ನಡಕ್ಕೂ ಬಂದಿವೆ. ಇವುಗಳಿಂದ ಪುಸ್ತಕದ ಒಳಗಿನ ಮಾತುಗಳನ್ನೂ ಹುಡುಕಬಹುದಾದುದು ದೊಡ್ಡ ಲಾಭವೇ ಸರಿ. ಆದರೆ ಹಳೆಯ ಮೊಳೆಯಚ್ಚಿನಲ್ಲಿ ಮಹಾಪ್ರಾಣದ ಸೀಳು ಮಸಿಯಿಂದ ತುಂಬಿ ‘ಧನ’ವು ‘ದನ’ವಾಗುವುದುಂಟು, ಸಾಲಿನ ಕೆಳಗಿಳಿಯುವ ಒತ್ತಕ್ಷರವು ಮುಂದಿನ ಸಾಲಿಗೆ ತಗಲುವುದುಂಟು. ಯಂತ್ರವು ಓದಿದುದನ್ನು ಮನುಷ್ಯನು ಇನ್ನೊಮ್ಮೆ ಓದಲೇಬೇಕು.

೫

ಮೇಲಿನ ನಾಲ್ಕನ್ನೂ ಬುದ್ಧಿವಂತರಾದ ಗ್ರಂಥಪಾಲರು ಕೆಲವು ತಿಂಗಳಲ್ಲಿ ಕೈವಶ ಮಾಡಿಕೊಳ್ಳಬಹುದು. ಕಷ್ಟವಿರುವುದು ಉಪಕರಣದಲ್ಲಲ್ಲ, ಅದಕ್ಕೆ ಉಣಿಸಬೇಕಾದ ತಿಳಿವಳಿಕೆಯಲ್ಲಿ. ಇದಕ್ಕೆ ಎರಡು ಮೂರು ಉದಾಹರಣೆಗಳು ಸಾಕು.

ಗ್ರಂಥಕರ್ತರ ಹೆಸರನ್ನೇ ತೆಗೆದುಕೊಳ್ಳೋಣ. ‘ಆನಂದ’ ಎಂಬುದು ಅಜ್ಜಂಪುರ ಸೀತಾರಾಮರ ಕಾವ್ಯನಾಮ. ‘ಆನಂದಕಂದ’ ಎಂಬುದು ಬೆಟಗೇರಿ ಕೃಷ್ಣಶರ್ಮರದು. ‘ಕಾವ್ಯಾನಂದ’ ಎಂಬುದು ಉಸ್ಮಾನಿಯಾದಲ್ಲಿಯೇ ಓದಿ ಹೈದರಾಬಾದಿನ ಸೇವೆಯನ್ನು ಸೇರಿದ ಸಿದ್ಧಯ್ಯ ಪುರಾಣಿಕರದು. ಯಂತ್ರದಲ್ಲಿ ‘ಆನಂದ’ ಎಂದು ಹುಡುಕಿದರೆ ಮೊದಲನೆಯವರ ಜೊತೆಗೆ ಎರಡನೆಯವರೂ ಬೆರೆತು ಬರುತ್ತಾರೆ. ಮೂರನೆಯವರು ಬರುವುದೇ ಇಲ್ಲ. ಏಕೆಂದರೆ ಕಾವ್ಯ ಮತ್ತು ಆನಂದ ಸೇರಿ ಸವರ್ಣದೀರ್ಘಸಂಧಿಯಾದುದು ನಮಗೆ ತಿಳಿದಿದೆ, ಯಂತ್ರಕ್ಕೆ ತಿಳಿಯದು. ಅಲ್ಲಿ ‘ಆ’ ಎಂಬ ಅಕ್ಷರವೇ ಇಲ್ಲವಷ್ಟೆ. ಸಿದ್ಧಯ್ಯನವರ ಹೆಸರನ್ನು ರೋಮನ್ ಲಿಪಿಯಲ್ಲಿ ನಾಲ್ಕಾರು ಬಗೆಯಾಗಿ ಬರೆಯುವುದೂ ಸಾಧ್ಯ. ಈ ರೂಪಗಳೆಲ್ಲ ಒಬ್ಬರವೇ ಎಂದು ಒಂದೆಡೆ ಕಟ್ಟಿಡುವ ದಾಖಲೆಗೆ ಪ್ರಮಾಣನಾಮದ ದಾಖಲೆಯೆಂದು ಹೆಸರು. ಜಗತ್ತಿನ ರಾಷ್ಟ್ರೀಯ ಗ್ರಂಥಾಲಯಗಳ ಇಂತಹ ದಾಖಲೆಗಳನ್ನು ಹೊಂದಿಸುವ ಸಾಮಾನ್ಯ ಕೋಶಗಳೂ ಅಂತರ್ಜಾಲದಲ್ಲಿವೆ. ೨೦೧೨ರಲ್ಲಿ ಆರಂಭವಾದ ವಿಕಿಡೇಟಾದಲ್ಲಿ ಕನ್ನಡದ ಹೆಸರುಗಳನ್ನು ಯಾರಾದರೂ ಸೇರಿಸಬಹುದು. ಆದರೆ ಕಾವ್ಯಾನಂದರು ಯಾರೆಂಬುದನ್ನು ಬಲ್ಲವರು ಸೇರಿಸಿದರಲ್ಲವೆ ಅದು ಅಲ್ಲಿರುವುದು!

ಪ್ರಕಟಣೆಯ ವರ್ಷವೂ ಇದೇ ಬಗೆಯದು. ಯಂತ್ರವು ನಾಲ್ಕು ಅಂಕಿಗಳ ಇಸವಿಯನ್ನು ಕೇಳುತ್ತದೆ. ಹಳೆಯ ಪುಸ್ತಕದಲ್ಲಿ ‘ಪ್ರಭವ ಸಂವತ್ಸರ’ ಎಂದಷ್ಟೇ ಇದ್ದರೆ ಅದು ೧೯೨೭ರದೊ, ಅರವತ್ತು ವರ್ಷಗಳ ನಂತರ ೧೯೮೭ರದೊ ಎಂಬುದನ್ನು ಅಚ್ಚು, ಕಾಗದ, ಬೆಲೆಗಳಿಂದ ನಿರ್ಣಯಿಸಬೇಕು. ನಿಜಾಮರ ಸಂಸ್ಥಾನದಲ್ಲಿ ಅಚ್ಚಾದ ಪುಸ್ತಕದಲ್ಲಿ ಫಸಲಿ ವರ್ಷವಿರಬಹುದು. ಅದಕ್ಕೆ ೫೯೦ನ್ನು ಕೂಡಿಸಿದರೆ ಕ್ರಿಸ್ತಶಕವು ಹೆಚ್ಚುಕಡಮೆಯಾಗಿ ದೊರೆಯುತ್ತದೆ. ಇದನ್ನರಿಯದೆ ಫಸಲಿ ೧೩೫೦ನ್ನು ಹಾಗೆಯೇ ಒತ್ತಿದರೆ ೧೯೪೦ರ ಪಠ್ಯಪುಸ್ತಕವೊಂದು ಹದಿನಾಲ್ಕನೆಯ ಶತಮಾನಕ್ಕೆ, ವಿಜಯನಗರದ ಮೊದಲ ಅರಸರ ಕಾಲಕ್ಕೆ, ಹೋಗಿ ಕೂರುತ್ತದೆ.

ಕರ್ತೃವಿನ ಮರಣದ ವರ್ಷ ಕೇವಲ ಕುತೂಹಲದ ವಿಷಯವೆಂದು ತೋರಬಹುದು, ಹಾಗಲ್ಲ. ೧೯೫೭ರ ಹಕ್ಕುಸ್ವಾಮ್ಯ ಶಾಸನದ ಈಗಿನ ರೂಪದಂತೆ, ಗ್ರಂಥಕರ್ತನು ತನ್ನ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಯ ಹಕ್ಕು ಅವನು ಮರಣಹೊಂದಿದ ಮುಂದಿನ ವರ್ಷದಿಂದ ಅರವತ್ತು ವರ್ಷಗಳವರೆಗೆ ನಿಲ್ಲುತ್ತದೆ. ಮರಣದ ವರ್ಷ ತಿಳಿಯದ ಪುಸ್ತಕವನ್ನು ಜಾಲದಲ್ಲಿ ತೆರೆದಿಡಲು ಎಚ್ಚರಿಕೆಯುಳ್ಳ ಗ್ರಂಥಪಾಲರು ಹಿಂಜರಿಯುವುದು ನ್ಯಾಯವೇ. ಪ್ರಸಿದ್ಧರ ವಿಷಯ ಸುಲಭ. ರಾಯಚೂರಿನ ಒಬ್ಬ ಶಾಲಾಪಂತೋಜಿ ಅಚ್ಚುಹಾಕಿಸಿದ ಒಂದೇ ಒಂದು ಪದ್ಯಸಂಗ್ರಹವಿದ್ದರೆ, ಅವರು ಯಾವಾಗ ತೀರಿಕೊಂಡರೆಂಬುದು ಅವರ ಮನೆಯವರಿಗೋ ಶಿಷ್ಯರಿಗೋ ಗೊತ್ತಿರುವ ಸಂಗತಿ. ಅದನ್ನು ಬಲ್ಲವರು ಇರುವಷ್ಟರಲ್ಲಿ ಬರೆದಿಡದಿದ್ದರೆ, ಆ ಪುಸ್ತಕವನ್ನು ತೆರೆಯುವ ಕೀಲಿಕೈ ಕಳೆದಂತೆಯೇ.

೬

ಆದುದರಿಂದ ಈ ಕಾರ್ಯವು ಗ್ರಂಥಪಾಲರೊಬ್ಬರಿಂದಲೇ ಆಗತಕ್ಕದ್ದಲ್ಲ. ಅವರಲ್ಲಿ ಉಪಕರಣವಿದೆ, ಕ್ರಮವಿದೆ; ಕನ್ನಡದ ತಿಳಿವಳಿಕೆಯಿರುವುದು ನಮ್ಮಲ್ಲಿ. ಹೊರನಾಡಿನ ಕನ್ನಡ ಸಂಘಗಳು ಮೂರು ಕೆಲಸಗಳನ್ನು ಹೆಚ್ಚಿನ ವೆಚ್ಚವಿಲ್ಲದೆ ಮಾಡಬಹುದು. ತಮ್ಮ ಸಂಘದ ಪುಸ್ತಕಗಳ ಪಟ್ಟಿಯನ್ನು ಯೂನಿಕೋಡಿನ ಕನ್ನಡದಲ್ಲಿ, ಕರ್ತೃ, ಹೆಸರು, ಸ್ಥಳ, ವರ್ಷ, ಪುಟಗಳೆಂಬ ಐದು ವಿವರಗಳೊಡನೆ ಸಿದ್ಧಪಡಿಸುವುದು ಮೊದಲನೆಯದು. ಇಷ್ಟಿದ್ದರೆ ಅದನ್ನು ಕೋಹದಂತಹ ವ್ಯವಸ್ಥೆಗೆ ತುಂಬುವುದು ಗ್ರಂಥಪಾಲರಿಗೆ ಸುಲಭವಾಗುತ್ತದೆ. ಊರಿನ ದೊಡ್ಡ ಗ್ರಂಥಾಲಯದ ಕನ್ನಡ ವಿಭಾಗಕ್ಕೆ ವಾರಕ್ಕೊಮ್ಮೆ ಹೋಗಿ ಮುಖಪುಟಗಳನ್ನು ಓದಿ ಹೇಳಬಲ್ಲ ಒಬ್ಬಿಬ್ಬರು ಹಿರಿಯರನ್ನು ಗೊತ್ತುಮಾಡುವುದು ಎರಡನೆಯದು. ತಮ್ಮ ಊರಿನಲ್ಲಿ ಬಾಳಿ ಬರೆದ ಕನ್ನಡ ಲೇಖಕರ ಕಾವ್ಯನಾಮ, ಜನನ, ಮರಣ, ಕೃತಿಗಳನ್ನು ವಿಚಾರಿಸಿ ಬರೆದಿಡುವುದು ಮೂರನೆಯದು.

ಇದಕ್ಕೆ ಅವಸರವುಂಟು. ಹೈದರಾಬಾದಿನ ಆಬಿಡ್ಸಿನಲ್ಲಿ ಭಾನುವಾರದಂದು ಕಾಲುದಾರಿಯ ಮೇಲೆ ಹರಡುವ ಹಳೆಯ ಪುಸ್ತಕಗಳ ಸಂತೆಯನ್ನು ಅನೇಕರು ನೋಡಿರಬಹುದು. ಓದಿದ ಹಿರಿಯರು ತೀರಿಕೊಂಡ ಮೇಲೆ, ಕನ್ನಡವನ್ನು ಆಡಬಲ್ಲರಾದರೂ ಓದಲಾರದ ಮಕ್ಕಳು ಮನೆಯನ್ನು ಖಾಲಿಮಾಡುವಾಗ, ಕಪಾಟಿನ ಪುಸ್ತಕಗಳು ಇಂತಹ ಸಂತೆಗೋ ತೂಕದ ಲೆಕ್ಕದಲ್ಲಿ ರದ್ದಿಗೋ ಹೋಗುತ್ತವೆ. ಯಾವುದನ್ನು ಉಳಿಸಬೇಕು, ಯಾವುದರ ಪ್ರತಿ ಬೇರೆಲ್ಲಿಯೂ ಇಲ್ಲ, ಎಂದು ತಿಳಿಯಬೇಕಾದರೂ ಮೊದಲು ಉಳಿದ ಕಡೆಯ ಸೂಚಿಗಳು ಸರಿಯಾಗಿರಬೇಕು. ಸೂಚಿ ಸರಿಯಿದ್ದರೆ ಒಬ್ಬ ಗ್ರಂಥಪಾಲರು ಐದು ನಿಮಿಷದಲ್ಲಿ ಉತ್ತರ ಹೇಳಬಲ್ಲರು. ಇಲ್ಲದಿದ್ದರೆ ಉತ್ತರ ಬರುವುದರೊಳಗೆ ಪುಸ್ತಕವೇ ಹೋಗಿರುತ್ತದೆ.

ಡ್ಯೂಯಿಯವರ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ ೮೯೪.೮೧೪ ಎಂಬ ಸಂಖ್ಯೆಯಿದೆ. ಜಗತ್ತಿನ ಯಾವ ಮೂಲೆಯ ಗ್ರಂಥಾಲಯದಲ್ಲಾದರೂ ಆ ಪದ್ಧತಿಯಿದ್ದಲ್ಲಿ ನಮ್ಮ ಪುಸ್ತಕಗಳಿಗೆ ನಿಲ್ಲಲು ಒಂದು ಎಡೆಯಿದೆಯೆಂದು ಇದರ ಅರ್ಥ. ಆ ಎಡೆಯಲ್ಲಿ ಯಾವ ಪುಸ್ತಕಗಳಿವೆಯೆಂಬುದನ್ನು ಅವುಗಳ ಸರಿಯಾದ ಹೆಸರಿನಿಂದ, ಅವುಗಳ ಸ್ವಂತ ಲಿಪಿಯಲ್ಲಿ ಬರೆಯುವ ಹೊಣೆ ಈಗ ನಮ್ಮ ಮೇಲಿದೆ. ಉಪಕರಣಗಳು ಕೈಗೆ ಬಂದಿವೆ. ಮುಖಪುಟವನ್ನು ಓದಬಲ್ಲವರು ಮುಂದೆ ಬರಬೇಕಾಗಿದೆ.